ಯಜಮಾನರ ಪೇಟ, ನನ್ನ ಪಿಟೀಲು

ಚಿತ್ರದುರ್ಗದಲ್ಲಿದ್ದುಕೊಂಡು ಜಾಜ್ ಪಿಟೀಲು ನುಡಿಸುವವಳಿಗೆ ಇಂಥವು ಆಗುತ್ತಲೇ ಇರುತ್ತವೆ. ನೋಡುವವರಿಗೆ ನಗು, ನನಗೆ ಪೀಕಲಾಟ. ಗಿಟಾರಿನವನನ್ನೂ ಡ್ರಮ್ಮಿನವನನ್ನೂ ಕಟ್ಟಿಕೊಂಡು ಮದುವೆ ಮುಂಜಿಗಳಲ್ಲಿ ನುಡಿಸುತ್ತೇನೆ. ಸಂಜೆ ಹೊತ್ತು ಒಂದು ಹಾಲ್‌ನಲ್ಲಿ ಮಕ್ಕಳಿಗೆ ಪಿಟೀಲು ಪಾಠ. ಭಾನುವಾರ ಅದೇ ಹಾಲ್‌ನಲ್ಲಿ ಗಿಟಾರಿನವನನ್ನು ಕರೆಸಿಕೊಂಡು ಜೋಡಿಯಾಗಿ ಕುಣಿಯುವ ಸ್ವಿಂಗ್ ಕಲಿಸುತ್ತೇನೆ. ಹಾಲ್ ನಮ್ಮ ಬೀದಿಯ ಯಜಮಾನರದು. ಅವರು ಕೊಟ್ಟದ್ದು ಪಿಟೀಲಿಗೆ ಮಾತ್ರ. ಕುಣಿತದ ವಿಷಯ ತಿಳಿದರೆ ಬೀಗದ ಕೈ ಕಿತ್ತುಕೊಳ್ಳುತ್ತಾರೆಂಬ ಭಯ ನನ್ನನ್ನು ಒಂದು ದಿನವೂ ಬಿಟ್ಟಿರಲಿಲ್ಲ.

ಕುರ್ಚಿ

ಹೊಳಲ್ಕೆರೆಯ ಒಂದು ನಾಮಕರಣ. ನಾವು ನಿಂತೇ ನುಡಿಸುವವರು. ಅಜ್ಜಿಯೊಬ್ಬರಿಗೆ ಅದನ್ನು ನೋಡಲಾಗಲಿಲ್ಲ. "ಕುಂತ್ಕಳ್ರಿ ಮೇಡಂ, ಕಾಲು ನೋಯ್ತಾವೆ" ಎಂದು ಕುರ್ಚಿ ತಂದರು. ನಮ್ಮ ಪದ್ಧತಿಯೇ ಹೀಗೆ ಎಂದೆ. ಕೇಳದೆ ಕುರ್ಚಿಯನ್ನು ಹಿಂದಿನಿಂದ ತಳ್ಳಿದರು, ಕುಸಿದು ಕೂತೆ. ಮುಂದಿನ ಹಾಡಿಗೆ ಎದ್ದೆ. ಅಜ್ಜಿ ಒಳಗೆ ಹೋಗಿ ದಿಂಬು ಹಾಕಿದ ಬೇರೆ ಕುರ್ಚಿ ತಂದರು.

ನಿಂಬೆಹಣ್ಣು

ಒಂದು ಭಾನುವಾರ ಹುಡುಗಿಯೊಬ್ಬಳು ಜೋರಾಗಿ ಗಿರ್ರನೆ ತಿರುಗುತ್ತಿದ್ದಳು. ಯಜಮಾನರ ತಾಯಿ ಕಿಟಕಿಯಲ್ಲಿ ನಿಂತು ನೋಡಿಬಿಟ್ಟರು. ಅವರು ಮೆತ್ತಗೆ, "ಆ ಹುಡುಗಿ ಮೈಮೇಲೆ ಎಷ್ಟು ದಿನದಿಂದ ಬರ್ತೈತವ್ವ?" ಎಂದು ಕೇಳಿದರು. ನಿಜ ಹೇಳಲು ಧೈರ್ಯವಾಗದೆ ಈಚೆಗೆ ಎಂದುಬಿಟ್ಟೆ. ಮನೆಯಿಂದ ವಿಭೂತಿ ತಂದುಕೊಟ್ಟರು. ಎಲ್ಲರ ಹಣೆಗೂ ಬಳಿದೆ. ಮರುವಾರ ಅವರು ಕಿಟಕಿಯಲ್ಲಿ ನೋಡಿದರೆ ಎಲ್ಲರೂ ತಿರುಗುತ್ತಿದ್ದಾರೆ. ಒಂದು ಚೀಲ ನಿಂಬೆಹಣ್ಣು ಬಂತು.

ಪೇಟ

ಯಜಮಾನರ ಮಗಳ ಮದುವೆ ಹಿರಿಯೂರಿನಲ್ಲಿ. ನುಡಿಸಲು ನಮ್ಮನ್ನೇ ಕರೆದಿದ್ದರು. ಇಲ್ಲಿ ಎಡವಿದರೆ ಹಾಲ್ ಹೋದಂತೆಯೇ ಎಂದು ಬೆಳಿಗ್ಗೆಯಿಂದ ತಂತಿಗಳನ್ನು ಶ್ರುತಿ ಮಾಡುತ್ತಲೇ ಇದ್ದೆ. ಹಾಡು ಮುಗಿದ ಕೂಡಲೇ ಊಟಕ್ಕೆ ಎಬ್ಬಿಸುವುದೆಂದು ಮಾತಾಗಿತ್ತು.

ನಮ್ಮ ಕಸುಬಿನಲ್ಲಿ ತಲೆ ತಟ್ಟಿಕೊಂಡರೆ ಮೊದಲಿಂದ ಇನ್ನೊಮ್ಮೆ ನುಡಿಸಿ ಎಂಬ ಸನ್ನೆ. ಯಜಮಾನರ ಪೇಟ ಸಡಿಲವಾಗಿತ್ತು, ಎದುರಿಗೆ ದೊಡ್ಡ ಫ್ಯಾನು. ಹಾಡು ಮುಗಿಯುವ ಹೊತ್ತಿಗೆ ಸರಿಯಾಗಿ ಅವರು ಪೇಟ ತಟ್ಟಿಕೊಂಡರು. "ಯಜಮಾನ್ರು ಜಾಜ್ ಬಲ್ಲೋರು ಕಣ್ರಿ" ಎಂದು ಗಿಟಾರಿನವ ಹಿಗ್ಗಿ ಮೊದಲಿಂದ ಹಿಡಿದ. ಮುಗಿಸಲು ಹೋದಾಗಲೆಲ್ಲ ಅವರ ಕೈ ತಲೆಗೇ ಹೋಗುತ್ತಿತ್ತು. ಬೀಗರು ಹಸಿದು ಬಾಳೆಹಣ್ಣಿನ ತಟ್ಟೆಗೆ ಕೈ ಹಾಕಿದರು. ಕೊನೆಗೆ ಅಡುಗೆಯವರೇ ಬಂದು ಫ್ಯಾನು ಆರಿಸಿದ ಮೇಲೆ ನಮ್ಮ ಹಾಡು ನಿಂತಿತು.

ಮುಂದಿನ ಭಾನುವಾರ ಕುಣಿತ ನಡೆದಿರುವಾಗಲೇ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಗಿಟಾರು ನಿಂತಿತು. ನನ್ನ ಕಥೆ ಮುಗಿಯಿತೆಂದು ನಾನೇ ಬೀಗದ ಕೈ ಮುಂದೆ ಹಿಡಿದೆ. ಅವರು ಸುತ್ತ ಎಲ್ಲರನ್ನೂ ನೋಡಿದರು.

"ನಮ್ಮವ್ವನ ನಿಂಬೆಹಣ್ಣಿಗೇ ಬಗ್ಗಲಿಲ್ಲ ಅಂದ್ರೆ ನಾನೇನು ಮಾಡ್ಲಿ. ಕೀ ನೀವೇ ಇಟ್ಕಳ್ರಿ. ಊಟದ ಹೊತ್ತಿಗೆ ಮಾತ್ರ ಮುಗಿಸ್ಬೇಕು ನೋಡ್ರಿ."

ನನಗೆ ಹೋದ ಜೀವ ಬಂದಂತಾಯಿತು. ಸೆಕೆಗೆ ಅವರು ಪೇಟ ತೆಗೆದು, ಬೋಳುತಲೆಯನ್ನು ಪಟಪಟನೆ ತಟ್ಟಿಕೊಂಡರು.

ಗಿಟಾರಿನವ ಮೊದಲಿಂದ ಶುರು ಮಾಡಿದ.