ಲಾಡಲೇಸಾಬನ ಗೇಣು

ಮನೆಗೆ ದೊಡ್ಡ ಮೊಬೈಲ್ ಬಂದ ದಿನವೇ ಅಡುಗೆಮನೆಯಿಂದ ಮೀನು ಎದ್ದು ಹೋಯಿತು ಎಂಬುದು ಬಾನುಬಿಯ ದೂರು. ದೂರು ಕೇಳಬೇಕಾದ ಗಂಡ ಲಾಡಲೇಸಾಬ ಅದೇ ಮೊಬೈಲಿನಲ್ಲಿ ಮುಳುಗಿರುತ್ತಿದ್ದ. ಸುಟ್ಟುಹೋದ ನೀರಿನ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವನದು, ಸೊಲ್ಲಾಪುರ ರಸ್ತೆಯಲ್ಲಿ. ವಾರವಿಡೀ ತಂತಿ ಸುತ್ತುವುದು, ಶುಕ್ರವಾರ ನಮಾಜು ಮುಗಿಸಿ ಗಾಳ ಹಿಡಿದು ತಿಕೋಟಾದ ಬಸ್ಸು ಹತ್ತುವುದು. ಮೊದಲೆಲ್ಲ ಸಂಜೆ ಅವನ ಚೀಲದಲ್ಲಿ ಒಂದಿಷ್ಟು ಸಣ್ಣ ಮೀನಾದರೂ ಇರುತ್ತಿದ್ದವು. ಈಗ ಬರೀ ತತ್ವ ಇರುತ್ತಿತ್ತು.

ಆ ತತ್ವ ಹುಟ್ಟಿದ್ದು ಒಂದು ವಿಡಿಯೋದಿಂದ. ಟೊಪ್ಪಿಗೆ ಹಾಕಿದ ಯಾವನೋ ಪರದೇಶದವನು ಮೀನು ಹಿಡಿದು, ಅಳತೆ ನೋಡಿ, ಇನ್ನೂ ಸಣ್ಣದೆಂದು ಅದಕ್ಕೊಂದು ಮುತ್ತು ಕೊಟ್ಟು ನೀರಿಗೆ ಬಿಟ್ಟಿದ್ದ. ನೋಡುತ್ತ ನೋಡುತ್ತ ಲಾಡಲೇಸಾಬನ ಕಣ್ಣು ತುಂಬಿ ಬಂತು. ಮರುದಿನವೇ ತನ್ನ ಬಿದಿರಿನ ಗಾಳದ ಕೋಲಿನ ಮೇಲೆ ಕೈ ಅಗಲಿಸಿಟ್ಟು, ಹೆಬ್ಬೆರಳಿನಿಂದ ಕಿರುಬೆರಳಿನ ತುದಿಯವರೆಗೆ ಒಂದು ಗೇಣು ಅಳೆದು, ಕರಗಸದಿಂದ ಗುರುತು ಕೊರೆದ. ಅದಕ್ಕಿಂತ ಚಿಕ್ಕ ಮೀನಿಗೆಲ್ಲ ಅಂದಿನಿಂದ ಅಭಯದಾನ. (ಮುತ್ತಿನ ಭಾಗವನ್ನು ಮೀಸೆಯ ಕಾರಣದಿಂದ ಕೈಬಿಡಲಾಯಿತು.)

"ಯಾರ ಗೇಣ್ರಿ ಇದು?" ಎಂದು ಬಾನುಬಿ ಕೋಲನ್ನು ತಿರುಗಿಸಿ ನೋಡಿದಳು.

"ನಂದು. ಮತ್ತ್ಯಾರದು?"

"ನಿಮ್ಮ ಕೈ ಅಂದ್ರ ಕೈ ಏನ್ರಿ ಅದು, ಸಲಿಕಿ ಇದ್ದಂಗ ಐತಿ. ನನ್ನ ಗೇಣು ಹಿಡಿದಿದ್ರ ವಾರಕ್ಕೊಮ್ಮೆರ ಮನಿಯಾಗ ಒಗ್ಗರಣಿ ಬೀಳ್ತಿತ್ತು."

ಅವಳ ಮಾತಿನಲ್ಲಿ ನ್ಯಾಯವಿತ್ತು. ಲಾಡಲೇಸಾಬ ಗಾಳ ಹಾಕುತ್ತಿದ್ದದ್ದು ತಿಕೋಟಾದ ಸಂಗನಬಸವನ ದ್ರಾಕ್ಷಿ ತೋಟದ ಕೃಷಿಹೊಂಡದಲ್ಲಿ. ಅಲ್ಲಿದ್ದದ್ದು ಜಿಲೇಬಿ. ಜಿಲೇಬಿ ಎಂದರೆ ಪಾಕದಲ್ಲಿ ಅದ್ದಿದ್ದಲ್ಲ, ಅಂಗೈಯಲ್ಲಿ ಹಿಡಿಸುವ ಚಪ್ಪಟೆ ಮೀನು. ಪಾಚಿ ತಿನ್ನುತ್ತವೆಂದು ಯಾರೋ ಹೇಳಿದ್ದಕ್ಕೆ ಸಂಗನಬಸವ ಒಂದು ಕೊಡದಲ್ಲಿ ತಂದು ಬಿಟ್ಟಿದ್ದ. ಅವು ಪಾಚಿಗಿಂತ ಸಂಸಾರದ ಕಡೆ ಹೆಚ್ಚು ಗಮನ ಕೊಟ್ಟವು. ಹೊಂಡ ಇದ್ದಷ್ಟೇ ಇತ್ತು, ಮಂದಿ ಹೆಚ್ಚಾದರು, ಒಬ್ಬರಿಗೂ ಹೊಟ್ಟೆ ತುಂಬದೆ ಗೇಣುದ್ದ ಬೆಳೆಯುವ ಮೀನೇ ಅಲ್ಲಿ ಇರಲಿಲ್ಲ.

ಸಂಗನಬಸವನ ಮನೆಯಲ್ಲಿ ಮೀನು ತಿನ್ನುವುದಿರಲಿ, ತಾಯಿ ಗುರುಬಸವ್ವನ ಎದುರು ಆ ಶಬ್ದ ಆಡುವಂತೆಯೂ ಇರಲಿಲ್ಲ. ಹಾಗಾಗಿ ಜಿಲೇಬಿ ಎಂಬ ಹೆಸರು ಅವನಿಗೆ ಬಹಳ ಅನುಕೂಲವಾಗಿತ್ತು. ಜಿಲೇಬಿ ಭಾಳ ಆಗ್ಯಾವ, ಬಂದು ಒಯ್ಯಿರಿ ಕಾಕಾ ಎಂದು ಪಡಸಾಲೆಯಲ್ಲಿ ಕೂತೇ ಫೋನು ಮಾಡುತ್ತಿದ್ದ. ಮಗನ ಕೈ ಎಷ್ಟು ದೊಡ್ಡದು ಎಂದು ಗುರುಬಸವ್ವ ಒಳಗೊಳಗೇ ಹಿಗ್ಗುತ್ತಿದ್ದಳು.

ಕಾಕಾ ಬರುತ್ತಿದ್ದ, ಹಿಡಿಯುತ್ತಿದ್ದ, ಅಳೆಯುತ್ತಿದ್ದ, ಬಿಡುತ್ತಿದ್ದ. ದಂಡೆಯ ಮೇಲೆ ನಿಂತ ಸಂಗನಬಸವ ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚುತ್ತಿದ್ದ. ತನ್ನ ದಯೆ ನೋಡಿ ಹುಡುಗನ ಮನಸ್ಸು ಕರಗಿದೆ ಎಂದು ಲಾಡಲೇಸಾಬ ತಿಳಿದಿದ್ದ. ಆ ಹೊಂಡದ ಮೋಟರು ಪದೇ ಪದೇ ಸುಡುತ್ತಿತ್ತು ಎನ್ನುವುದೊಂದೇ ಆ ಸ್ನೇಹದಲ್ಲಿದ್ದ ಬೇಸರ. ಸುತ್ತಿಕೊಟ್ಟದ್ದಕ್ಕೆ ಗ್ಯಾರಂಟಿ ಕೊಟ್ಟು ಸಿಕ್ಕಿಬಿದ್ದಿದ್ದ ಲಾಡಲೇಸಾಬ, ಪ್ರತಿ ಸಲವೂ ತಂತಿ ಮಾಡಿದ ಕಂಪನಿಯನ್ನು ಬೈಯುತ್ತ ಪುಕ್ಕಟೆ ಸುತ್ತಿಕೊಡುತ್ತಿದ್ದ.

ಹೀಗೆ ನಡೆದಿದ್ದ ತತ್ವಕ್ಕೆ ಒಂದು ಶುಕ್ರವಾರ ಕಷ್ಟ ಬಂತು. ಮಗಳು ಸುಮಯ್ಯಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಗಂಡು ಕೂಸು. ಅವಳ ಅತ್ತೆ ಮಾಶಾಬಿ ಬಬಲೇಶ್ವರದ ಹತ್ತಿರದ ಜೈನಾಪುರದವಳು. ಸೊಸೆಯನ್ನೂ ಮೊಮ್ಮಗನನ್ನೂ ಕರೆದೊಯ್ಯಲು ಅಂದು ಸಂಜೆ ಬರುವವಳಿದ್ದಳು. ಇನ್ನೊಂದಿಷ್ಟು ದಿನ ಇರಲಿ ಎಂಬುದು ಬಾನುಬಿಯ ಆಸೆ. ಲಾಡಲೇಸಾಬನ ಆಸೆ ಅದಕ್ಕಿಂತ ದೊಡ್ಡದು. ಇಕ್ಕಳ ಮರೆತೆ, ಸ್ಕ್ರೂಡ್ರೈವರ್ ಮರೆತೆ ಎಂದು ನೆಪ ತೆಗೆದು ಅಂಗಡಿಯಿಂದ ದಿನಕ್ಕೆ ಎಷ್ಟು ಸಲ ಮನೆಗೆ ಓಡಿ ಬರುತ್ತಿದ್ದನೋ. ಬಂದವನು ತೊಟ್ಟಿಲು ನೋಡಿಕೊಂಡು, ಇಕ್ಕಳವನ್ನು ಮತ್ತೆ ಅಲ್ಲೇ ಮರೆತು ಹೋಗುತ್ತಿದ್ದ.

ಮಾಶಾಬಿಯ ಮನಸ್ಸು ತಿರುಗಿಸುವ ದಾರಿ ಬಾನುಬಿಗೆ ಗೊತ್ತಿತ್ತು. ಎಲುಬಿನ ಸಮೇತ ಕುರುಕುರು ಎನ್ನುವಂತೆ ಕರಿದ ಸಣ್ಣ ಮೀನು ಎಂದರೆ ಬೀಗಿತಿ ಪ್ರಾಣ ಬಿಡುತ್ತಾಳೆ. ಹೊಟ್ಟೆ ತುಂಬ ತಿನ್ನಿಸಿ, ಬೆರಳು ನೆಕ್ಕುವ ಹೊತ್ತಿಗೆ ಮಾತು ತೆಗೆಯಬೇಕು. ಗಂಡ ಚಪ್ಪಲಿ ಮೆಟ್ಟುವಾಗ ಅವಳು ಅಪ್ಪಣೆ ಕೊಡಿಸಿದಳು.

"ನೋಡ್ರಿ, ಇವತ್ತ ನಿಮ್ಮ ಗೇಣು ಮನಿಯಾಗ ಇಟ್ಟು ಹೋಗ್ರಿ. ಒಂದ ಮಾತು ನೆನಪ ಇರಲಿ, ಜಿಲೇಬಿ. ಸಣ್ಣವು, ಕುರುಕುಲು ಆಗೂವಂಥವು. ಕೂಸು ಇರಬೇಕೋ ಹೋಗಬೇಕೋ ನಿಮ್ಮ ಕೈಯಾಗ ಐತಿ."

ಲಾಡಲೇಸಾಬ ತರಬೇಕೆಂದೇ ಹೋಗಿದ್ದ. ಆದರೆ ಹೋದ ವಾರವಷ್ಟೇ ಅದೇ ದಂಡೆಯ ಮೇಲೆ ನಿಂತು, ದ್ರಾಕ್ಷಿ ಕತ್ತರಿಸಲು ಬಂದ ಹೆಣ್ಣಾಳುಗಳಿಗೆಲ್ಲ ಕೇಳುವಂತೆ, ಸಣ್ಣ ಜೀವವನ್ನು ಚೀಲಕ್ಕೆ ಹಾಕುವವನು ಮನುಷ್ಯನೇ ಅಲ್ಲ ಎಂದು ಭಾಷಣ ಮಾಡಿದ್ದ. ಅವರೇ ಇಂದೂ ಬಂದಿದ್ದರು. ಗಾಳ ಹಾಕಿದ್ದೇ ತಡ, ಜೋಳದ ಹಿಟ್ಟಿನ ಉಂಡೆಗೆ ಜಿಲೇಬಿ ಬಂದು ಕಚ್ಚಿತು. ಗುರುತಿನ ಅರ್ಧಕ್ಕೂ ಇಲ್ಲ. ಹೆಣ್ಣಾಳುಗಳು ಕೈಗೆಲಸ ನಿಲ್ಲಿಸಿ ನೋಡಿದರು. ಲಾಡಲೇಸಾಬ ಬಿಟ್ಟ. ಒಂದಾದರೂ ಗೇಣುದ್ದದ್ದು ಬಿದ್ದರೆ ಹೆಂಡತಿಯ ಮಾತೂ ಉಳಿದೀತು, ತನ್ನ ಮಾನವೂ ಉಳಿದೀತು ಎಂದುಕೊಂಡು ಮತ್ತೆ ಹಾಕಿದ, ಮತ್ತೆ ಬಿಟ್ಟ. ಅದೇ ಮೀನೇ ಹೊಳ್ಳಿ ಬಂದು ಕಚ್ಚುತ್ತಿದೆ ಎಂಬ ಅನುಮಾನವೂ ಬಂತು. ಸಂಗನಬಸವ, ಇವತ್ತರ ಒಯ್ಯಿರಿ ಕಾಕಾ, ಒಂದ ಬುಟ್ಟಿಯಷ್ಟರ ಒಯ್ಯಿರಿ ಎಂದು ಮೊದಲ ಸಲ ಬಾಯಿಬಿಟ್ಟು ಕೇಳಿಕೊಂಡ. ಇಂಥ ಪ್ರಲೋಭನೆಗೆಲ್ಲ ಬಗ್ಗುವವನೇ ಲಾಡಲೇಸಾಬ? ಇವು ಬೆಳೀಲಿ ತಮ್ಮಾ, ಎಂದು ಅವನ ಭುಜ ತಟ್ಟಿದ.

ತಿಕೋಟಾದ ಬಸ್ ನಿಲ್ದಾಣಕ್ಕೆ ಬಂದಾಗ ಚೀಲ ಖಾಲಿ ಎಂಬುದು ನೆನಪಾಯಿತು. ಎದುರಿಗೆ ಮಿಠಾಯಿ ಅಂಗಡಿ. ಕೊಪ್ಪರಿಗೆಯಲ್ಲಿ ಕಾದ ಎಣ್ಣೆ, ಅದರಲ್ಲಿ ಸುರುಳಿ ಸುರುಳಿಯಾಗಿ ಏಳುತ್ತಿರುವ ಜಿಲೇಬಿ. ಸಣ್ಣವು. ಕುರುಕುಲು ಆಗುವಂಥವು. ಬಾನುಬಿಯ ಮಾತಿನಲ್ಲಿ ಮೀನು ಎಂಬ ಶಬ್ದ ಎಲ್ಲಿ ಬಂದಿತ್ತು? ವಕೀಲನಾಗಬೇಕಿದ್ದವನು ಮೋಟರು ಸುತ್ತುತ್ತ ಕೂತೆನಲ್ಲ ಎಂದು ಲಾಡಲೇಸಾಬನಿಗೆ ತನ್ನ ಮೇಲೆ ತನಗೇ ಅಭಿಮಾನ ಉಕ್ಕಿತು.

ಮನೆಯಲ್ಲಿ ಮಾಶಾಬಿ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಖಾರ, ಅರಿಶಿನ, ಹುಣಸೆ ರಸ ಕಲಸಿಟ್ಟು ಒಲೆಯ ಮೇಲೆ ಎಣ್ಣೆ ಕಾಯಲು ಇಟ್ಟಿದ್ದ ಬಾನುಬಿ ತಿಕೋಟಾದಿಂದ ಬಂದ ಪೊಟ್ಟಣ ಬಿಚ್ಚಿದಳು. ಬಿಚ್ಚಿ, ಗಂಡನ ಮುಖ ನೋಡಿ, ಒಲೆ ಆರಿಸಿದಳು. ಮಾಶಾಬಿಗೆ ಶುಗರ್ ಇದೆ ಎಂಬುದು ನಮ್ಮ ವಕೀಲರಿಗೆ ಆಗ ನೆನಪಾಯಿತು.

ಇನ್ನು ತತ್ವವೇ ಕಾಪಾಡಬೇಕಿತ್ತು. ಲಾಡಲೇಸಾಬ ಗಂಟಲು ಸರಿಮಾಡಿಕೊಂಡು ಬೀಗಿತಿಗೆ ಎಲ್ಲವನ್ನೂ ವಿವರಿಸಿದ. ಸಣ್ಣದನ್ನು ನಮ್ಮ ಆಸೆಗೆ ಹಿಡಿದಿಟ್ಟುಕೊಳ್ಳುವುದು ತಪ್ಪು, ಅದು ಎಲ್ಲಿಯದೋ ಅಲ್ಲಿಗೇ ಬಿಡಬೇಕು, ಅಲ್ಲೇ ಅದು ಬೆಳೆಯುವುದು ಎಂದ. ಮಾಶಾಬಿ ತಲೆಯಾಡಿಸುತ್ತ ಪೂರ್ತಿ ಕೇಳಿದಳು.

"ಭಾಳ ಛಲೋ ಮಾತು ಹೇಳಿದ್ರಿ ಬೀಗರ," ಎಂದಳು. "ಸಣ್ಣದನ್ನ ಅದರ ಜಾಗಾಕ್ಕ ಬಿಡಬೇಕು. ಈ ಕೂಸಿನ ಜಾಗಾ ಜೈನಾಪುರ. ನಾಳೆ ಮುಂಜಾನಿ ಬಿಟ್ಟುಬಿಡ್ರಿ."

ಒಳಗಿನಿಂದ ಸುಮಯ್ಯಾ ಅಬ್ಬಾ ಎಂದು ಹಣೆ ಬಡಿದುಕೊಂಡದ್ದು ಹೊರಗೆ ಕೇಳಿಸಿತು. ನಾಳೆಯಿಂದ ಇಕ್ಕಳ ಮರೆತು ಏನು ಪ್ರಯೋಜನ ಎಂಬುದೊಂದೇ ಲಾಡಲೇಸಾಬನ ತಲೆಯಲ್ಲಿತ್ತು. ನಿಜವಾಗಿ ಅಳು ಬಂದಂತಾಯಿತು.

ಅಷ್ಟರಲ್ಲಿ ಬಾಗಿಲಿಗೆ ಒಂದು ಟಂಟಂ ಆಟೋ ಬಂದು ನಿಂತಿತು. ಸಂಗನಬಸವ ಇಳಿದ. ಗಾಡಿಯ ಹಿಂಭಾಗದಲ್ಲಿ ಸುಟ್ಟ ಮೋಟರು. ಕೈಯಲ್ಲಿ ಮುಚ್ಚಳ ಹಾಕಿದ ದೊಡ್ಡ ಬಕೀಟು, ಮೈಯಿಂದ ದೂರ ಹಿಡಿದು, ಮುಖವನ್ನು ಇನ್ನೊಂದು ಕಡೆ ತಿರುಗಿಸಿದ್ದ.

"ಕಾಕಾ, ತಪ್ಪು ತಿಳ್ಕೋಬ್ಯಾಡ್ರಿ. ನೀವು ಹೋದ ಮ್ಯಾಲೆ ಮೋಟರ್ ಚಾಲೂ ಮಾಡಿದ್ನಿ, ಮತ್ತ ಸುಟ್ಟಿತು. ಪೈಪ್ ಎತ್ತಿ ನೋಡಿದ್ರ ಅದರ ಬಾಯಿಗೆ ಕಟ್ಟಿದ ಜಾಳಗಿ ತುಂಬ ಈ ಜಿಲೇಬೀನ. ನೀರ ಎಳಿಯಾಕ ಆಗದ ಮೋಟರ್ ಸುಡಾಕತ್ತೈತಿ. ಕಡಿಮಿ ಆಗ್ಲಿ ಅಂತ ನಿಮ್ಮನ್ನ ಕರಿತಿದ್ನಿ. ನೀವು ನೋಡಿದ್ರ ಅಷ್ಟ ಭಕ್ತೀಲೆ ಹೊಳ್ಳಿ ಬಿಡಾವ್ರು. ಹೆಂಗ ಹೇಳ್ಲಿ?"

ಅಂದರೆ ತಾನು ಬಿಟ್ಟ ಮೀನೇ ತಾನು ಸುತ್ತಿದ ಮೋಟರನ್ನು ಸುಡುತ್ತಿತ್ತು, ತಾನೇ ಮತ್ತೆ ಪುಕ್ಕಟೆ ಸುತ್ತುತ್ತಿದ್ದ. ಪಾಪ, ತಂತಿಯ ಕಂಪನಿಯವರು ಎಷ್ಟು ಬೈಸಿಕೊಂಡಿದ್ದರೋ.

ಬಾನುಬಿ ಮುಚ್ಚಳ ತೆಗೆದಳು. ಬಕೀಟಿನ ತುಂಬ ಸಣ್ಣ ಜಿಲೇಬಿ ಪಟಪಟ ಎನ್ನುತ್ತಿದ್ದವು. ಅವಳು ಮತ್ತೆ ಒಲೆ ಹಚ್ಚಿದಳು. ಸಂಗನಬಸವನಿಗೆ ಹೊರಗಿನ ಕಟ್ಟೆಯ ಮೇಲೆ, ಗಾಳಿ ಬರುವ ಕಡೆ, ಚಹಾ ಬಂತು.

ಕರಿದ ಮೀನು, ಬಿಸಿ ರೊಟ್ಟಿ. ಮಾಶಾಬಿ ತಲೆ ಎತ್ತಿದ್ದು ಬೆರಳು ನೆಕ್ಕುವಾಗಲೇ.

"ಈಗ ಹೇಳ್ರಿ ಬೀಗರ. ಸಣ್ಣದನ್ನ ಬಿಡಬೇಕೋ, ಇಟ್ಕೋಬೇಕೋ?"

ಲಾಡಲೇಸಾಬ ತೊಟ್ಟಿಲ ಕಡೆ ನೋಡಿದ. ಕಟ್ಟೆಯ ಮೇಲಿಂದ ಸಂಗನಬಸವ ಕಿವಿಗೊಟ್ಟದ್ದೂ ಗೊತ್ತಾಯಿತು.

"ಇಟ್ಕೋಬೇಕ್ರಿ," ಎಂದ, ಸಣ್ಣ ದನಿಯಲ್ಲಿ.

"ಹಂಗಾದ್ರ ಹಬ್ಬದ ತನಕ ಇಟ್ಕೋರಿ. ಆದರ ಶುಕ್ರವಾರಕ್ಕೊಮ್ಮೆ ಜೈನಾಪುರಕ್ಕ ಇವು ಬರಬೇಕು. ಸಣ್ಣವ ಬರಬೇಕು."

ಸುಮಯ್ಯಾ ಒಳಗೆ ನಕ್ಕಳು. ಕಟ್ಟೆಯ ಮೇಲೆ ಸಂಗನಬಸವನೂ ನಕ್ಕ. ತಾನು ಮಧ್ಯಾಹ್ನದಿಂದ ಏನೂ ತಿಂದಿಲ್ಲವೆಂದು ಲಾಡಲೇಸಾಬನಿಗೆ ಆಗ ನೆನಪಾಯಿತು. ತಟ್ಟೆಯಲ್ಲಿ ಕೊನೆಯದೊಂದು ಜಿಲೇಬಿ ಕೆಂಪಗೆ ಕರಿದು ಮಲಗಿತ್ತು. ಕೈ ಚಾಚಿದ. ಅವನಿಗಿಂತ ಮುಂಚೆ ಬಾನುಬಿ ಅದನ್ನು ಎತ್ತಿ, ಮೂಲೆಯ ಗಾಳದ ಕೋಲಿಗೆ ಆನಿಸಿ, ಗುರುತಿನ ಮೇಲೆ ಕಣ್ಣಿಟ್ಟು ಅಳೆದಳು.

"ಗೇಣು ಆಗಿಲ್ರಿ," ಎಂದಳು. "ಇದನ್ನ ಬಿಡಬೇಕು."

ಬಿಟ್ಟಳು, ಮಾಶಾಬಿಯ ತಾಟಿಗೆ. ಗಂಡನ ಮುಂದೆ ತಿಕೋಟಾದ ಪೊಟ್ಟಣವನ್ನು ಹಾಗೇ ತಂದಿಟ್ಟಳು. ಲಾಡಲೇಸಾಬ ಮೊಮ್ಮಗನನ್ನು ತೊಡೆಗೆ ಹಾಕಿಕೊಂಡು, ತಣ್ಣಗಾದ ಜಿಲೇಬಿಗಳನ್ನು ಒಂದೊಂದಾಗಿ ತಿಂದು ಮುಗಿಸಿದ. ಕೂಸು ಅವನ ಮೀಸೆ ಹಿಡಿದುಕೊಂಡಿತ್ತು, ಬಿಡಲಿಲ್ಲ.