ತುಪ್ಪಟವೂ ಬೇಡ, ಗರಿಯೂ ಬೇಡ

ಪ್ಲಾತೊನ್ ಇಗ್ನಾತಿಚ್‌ನ ಅಂದಿನ ಕಷ್ಟಗಳಿಗೆಲ್ಲ ಮೂಲ ಒಂದೇ ಒಂದು ‘ಉಪಕಾರ ಆಯ್ತು’. ಬೆಳಿಗ್ಗೆ ಮನೆಗೆ ಬೀಗ ಹಾಕುತ್ತ, ಎದುರು ಬಾಗಿಲಿನ ಗ್ಲಾಫಿರಾ ಸಾವಿಶ್ನಾಗೆ ಅವನು ಅದನ್ನು ಹೇಳಿಬಿಟ್ಟ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರಲ್ಲ, ಹಾಗಾಯಿತು.

ಉಪಕಾರ ನೆನೆಯುವುದು ಅವನ ಹುಟ್ಟುಗುಣ. ಬಸ್ಸಿನಲ್ಲಿ ಕಾಲು ತುಳಿದವರು ಕಾಲು ತೆಗೆದರೆ ಅವರಿಗೂ ಕೃತಜ್ಞತೆ ಹೇಳುವವನು. ಹಳಸಿದ ಮೊಸರು ಕೊಟ್ಟು ಮಾರನೇ ದಿನ ಒಪ್ಪಿಕೊಂಡ ಅಂಗಡಿಯವಳಿಗೆ, ಬೇಗ ಹೇಳಿದಿರಲ್ಲ ಎಂದು ಕೈಮುಗಿಯುವಷ್ಟು ನಯ. ನಲವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ನದಿಯಂಚಿನ ಆ ಸಣ್ಣ ಊರಿನ ಶಾಲೆಯ ಪ್ರೈಮರಿ ವಿಭಾಗದಲ್ಲಿ ಅವನೊಬ್ಬನೇ ಗಂಡು ಮೇಷ್ಟ್ರು.

ಆ ದಿನ ಅವನ ತೆರೆದ ಪಾಠ. ಅಂದರೆ ಜಿಲ್ಲಾ ಕಚೇರಿಯಿಂದ ದೊಡ್ಡ ಮೇಡಂ ಬಂದು ತರಗತಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತು ನೋಡುವ ಪಾಠ. ಆ ಊರಿನಲ್ಲಿ ಒಂದನೇ ಕ್ಲಾಸಿನಲ್ಲಿ ಮಕ್ಕಳ ಕೈಹಿಡಿದ ಮೇಷ್ಟ್ರೇ ನಾಲ್ಕನೇ ಕ್ಲಾಸು ಮುಗಿಸಿ ಬೀಳ್ಕೊಡುವುದು ಪದ್ಧತಿ. ಪ್ಲಾತೊನ್‌ನ ಮಕ್ಕಳು ಈಗ ಎರಡನೇ ಕ್ಲಾಸು. ಪಾಠ ಕೆಟ್ಟರೆ ಅವನನ್ನು ಸಂಜೆ ಮಕ್ಕಳನ್ನು ಕಾಯುವ ಕೆಲಸಕ್ಕೆ ಹಾಕಿ, ಕ್ಲಾಸನ್ನು ಉಪಮುಖ್ಯೋಪಾಧ್ಯಾಯಿನಿ ನೊನ್ನಾ ವಿಕೆಂತ್ಯೆವ್ನಾಳ ಸೋದರಸೊಸೆಗೆ ಕೊಡುತ್ತಾರೆ ಎಂದು ಶಾಲೆಯ ಗೋಡೆಗಳೂ ಪಿಸುಗುಡುತ್ತಿದ್ದವು. ಆ ಮಕ್ಕಳು ಕೈತಪ್ಪುತ್ತಾರೆ ಎಂದು ನೆನೆದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

“ಹೊರಟ್ಯಾ ಪ್ಲಾತೊಶಾ?” ಎಂದಳು ಗ್ಲಾಫಿರಾ ಸಾವಿಶ್ನಾ, ಬಿಸಿ ಎಲೆಕೋಸಿನ ಕಡುಬಿನ ಪೊಟ್ಟಣ ಅವನ ಕೈಗಿಡುತ್ತ. “ಹೋಗು. ನಿನಗೆ ತುಪ್ಪಟಾನೂ ಸಿಗದೇ ಇರ್ಲಿ, ಗರೀನೂ ಸಿಗದೇ ಇರ್ಲಿ.”

ಇದು ಶಾಪವಲ್ಲ, ಹರಕೆ. ತುಪ್ಪಟ ಎಂದರೆ ಮೃಗ, ಗರಿ ಎಂದರೆ ಹಕ್ಕಿ; ಬೇಟೆಗೆ ಹೊರಟವನಿಗೆ ಒಳ್ಳೆಯದಾಗಲಿ ಎಂದರೆ ಕಾಡಿನ ದೆವ್ವ ಕೇಳಿಸಿಕೊಂಡು ಕೆಡಿಸುತ್ತದೆ. ಅದಕ್ಕೇ ಕೆಟ್ಟದನ್ನು ಹೇಳಿ ಒಳ್ಳೆಯದನ್ನು ಬಯಸುವುದು. ಹರಸಿಕೊಂಡವನು ‘ದೆವ್ವದ ಮನೆ ಸೇರು’ ಎಂದು ಉಗಿದರೆ ಲೆಕ್ಕ ಚುಕ್ತ. ಅಪ್ಪಿತಪ್ಪಿಯೂ ಕೃತಜ್ಞತೆ ಹೇಳಕೂಡದು. ಹೇಳಿದರೆ ಹಿಡಿದ ಕೆಲಸ ಕೆಟ್ಟ ಹಾಗೆಯೇ. ಪರೀಕ್ಷೆಗೆ ಹೋಗುವ ಕೂಸಿನಿಂದ ಹಿಡಿದು ಆಪರೇಶನ್‌ಗೆ ಹೋಗುವ ಮುದುಕನವರೆಗೆ ಎಲ್ಲರಿಗೂ ಇದು ಗೊತ್ತು.

ಪ್ಲಾತೊನ್‌ಗೂ ಗೊತ್ತಿತ್ತು. ಆದರೆ ಕೈಯಲ್ಲಿ ಕಡುಬು ಬಿಸಿಯಾಗಿತ್ತು.

“ತುಂಬಾ ಉಪಕಾರ ಆಯ್ತು, ಗ್ಲಾಫಿರಾ ಸಾವಿಶ್ನಾ” ಎಂದ.

ಆಕೆ ಎದೆ ಹಿಡಿದುಕೊಂಡಳು. “ಏನಂದೆ? ಅಯ್ಯೋ ನಿನ್ನ ಬಾಯಿ ಬಿದ್ದು ಹೋಗ. ಇವತ್ತೇ ಅನ್ಬೇಕಿತ್ತಾ ಅದನ್ನ? ಎಡಗಡೆಗೆ ಮೂರು ಸಲ ಉಗಿ ಮೊದ್ಲು. ಈಗ ನನ್ನ ಮುಖ ನೋಡಿ ಹೇಳು, ದೆವ್ವದ ಮನೆ ಸೇರು ಅಂತ.”

“ನಿಮಗಾ? ಜ್ವರ ಬಂದಾಗ ಹದಿನೈದು ದಿವ್ಸ ಗಂಜಿ ಕಾಯಿಸಿ ಕೊಟ್ಟಿದ್ದೀರಿ. ನಿಮ್ಮನ್ನ ಹೇಗೆ ಅಲ್ಲಿಗೆ ಕಳಿಸ್ಲಿ?”

“ಕಳಿಸೋ ಅಂತ ನಾನೇ ಹೇಳ್ತಿದ್ದೀನಲ್ಲೋ.”

“ದೆ...” ಎಂದ ಪ್ಲಾತೊನ್. “ದೆವ್... ಬಸ್ಸು ಬಂತು ಅನ್ಸುತ್ತೆ, ಬರ್ತೀನಿ.”

ಈ ಗದ್ದಲದಲ್ಲಿ, ಪಾಠಕ್ಕೆಂದು ಎರಡು ಸಂಜೆ ಕೂತು ರಟ್ಟಿನಲ್ಲಿ ಕತ್ತರಿಸಿ ಬಣ್ಣ ಬಳಿದಿದ್ದ ಜಿರಾಫೆ ಮನೆಯಲ್ಲೇ ಉಳಿಯಿತು. ಅದು ನೆನಪಾದದ್ದು ಬಸ್ ನಿಲ್ದಾಣದಲ್ಲಿ. ತಿರುಗಿ ಓಡಿ ಬಂದರೆ, ಗ್ಲಾಫಿರಾ ಸಾವಿಶ್ನಾ ಮೂರನೇ ಮಹಡಿಯ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಕೈ ಬೀಸುತ್ತಿದ್ದಳು.

“ಬರ್ಬೇಡ! ಅರ್ಧ ದಾರಿಯಿಂದ ವಾಪಸ್ ಬರ್ಬಾರದು! ಇರೋ ಅಪಶಕುನವೇ ಸಾಕು!”

ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪ್ಲಾತೊನ್ ಅವರಿಗೆಲ್ಲ ತಲೆಬಾಗಿ, ಜಿರಾಫೆಯಿಲ್ಲದೆ ಬಸ್ಸು ಹತ್ತಿದ.

ಶಾಲೆಗೆ ಅವನಿಗಿಂತ ಮೊದಲು ಸುದ್ದಿ ತಲುಪಿತ್ತು. ಕೋಟುಗಳನ್ನು ಕಾಯುವ ದುಸ್ಯಾ ಅಜ್ಜಿ ಗ್ಲಾಫಿರಾಳ ದೊಡ್ಡಮ್ಮನ ಮಗಳು. ಫೋನು ಇನ್ನೂ ಕೈಯಲ್ಲೇ ಇತ್ತು.

“ಉಪಕಾರ ಆಯ್ತು ಅಂದ್ರಂತೆ” ಎಂದಳು, ಅವನ ಕೋಟನ್ನು ಮೊಳೆಗೆ ಹಾಕುತ್ತ. “ತೆರೆದ ಪಾಠದ ದಿನ. ಹೋಗ್ಲಿ, ನಾನು ಹೊಸದಾಗಿ ಹರಸ್ತೀನಿ, ನೀವು ಸರಿಯಾಗಿ ಬಯ್ಯಿ. ತುಪ್ಪಟಾನೂ ಬೇಡ, ಗರೀನೂ ಬೇಡ. ಹೂಂ, ಬಿಡಿ ಬಾಯಿ.”

ಪ್ಲಾತೊನ್ ಬಾಯಿ ಬಿಟ್ಟ. ದುಸ್ಯಾ ಅಜ್ಜಿಯ ಬಿಳಿ ತಲೆ, ಉಣ್ಣೆ ಚಾದರ, ಮಕ್ಕಳ ಕಳೆದುಹೋದ ಕೈಗವಸುಗಳನ್ನೆಲ್ಲ ಹೊಲಿದು ಜೋಡಿ ಮಾಡಿಡುವ ಆ ಬೆರಳುಗಳು.

“ನೀವು ತುಂಬಾ ಒಳ್ಳೆಯವರು, ದುಸ್ಯಾ ಅಜ್ಜಿ.”

“ಹೋಯ್ತು” ಎಂದಳು ಅಜ್ಜಿ. “ಎರಡನೇ ಸಲಾನೂ ಹೋಯ್ತು.”

ಸ್ಟಾಫ್ ರೂಮಿನಲ್ಲಿ ಹೆಂಗಸರು ಸುತ್ತುವರಿದರು. ಒಬ್ಬಳು ಅವನ ಟೈ ಬಿಚ್ಚಿ ಮತ್ತೆ ಕಟ್ಟಿದಳು, ಇನ್ನೊಬ್ಬಳು ತನ್ನ ಕ್ಲಾಸಿನ ಹೂಕುಂಡ ತಂದು ಅವನ ತೋಳಿಗಿಟ್ಟಳು. ಎಲ್ಲರೂ ಸಾಲಾಗಿ ಹರಸಿದರು, ಅವನು ಸಾಲಾಗಿ ತಡವರಿಸಿದ. ನೊನ್ನಾ ವಿಕೆಂತ್ಯೆವ್ನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಇವತ್ತು ಯಾವ ಪಾಠ ನಿಮ್ದು?”

“ಜಿ-ಶಿ ನಿಯಮ.”

“ಏನು ಹೇಳುತ್ತೆ ಆ ನಿಯಮ?”

“ಜಕಾರ ಶಕಾರದ ಮುಂದೆ ಕಿವಿಗೆ ಒರಟು ಸ್ವರ ಕೇಳ್ಸುತ್ತೆ. ಆದ್ರೆ ಕೈ ಮೆತ್ತಗಿನ ‘ಇ’ನೇ ಬರೀಬೇಕು. ಯಾಕೆ ಅಂತ ಕೇಳ್ಬಾರ್ದು.”

“ಇದೂ ಅದೇ. ಕಿವಿಗೆ ಕೇಳೋದೊಂದು, ಬಾಯಿ ಹೇಳೋದೊಂದು. ಏಳು ವರ್ಷದ ಮಕ್ಕಳಿಗೆ ಕಲಿಸ್ತೀರಿ, ನಿಮಗೆ ಬರಲ್ವೆ? ಹೋಗಿ, ನಕ್ಷೆ ಇಡೋ ಕೋಣೇಲಿ ಬಾಗಿಲು ಹಾಕ್ಕೊಂಡು ಅಭ್ಯಾಸ ಮಾಡಿ.”

ಪ್ಲಾತೊನ್ ಹೋದ. ಸುತ್ತಿಟ್ಟ ನಕ್ಷೆಗಳಿಗೆ, ಒಂದು ಹಳೆಯ ಗ್ಲೋಬಿಗೆ ಮೆಲ್ಲಗೆ “ದೆವ್ವದ ಮನೆ ಸೇರು” ಎಂದ. ಗ್ಲೋಬಿಗೆ ಹೇಳುವುದು ಸುಲಭವಾಗಿತ್ತು. ಧೈರ್ಯ ಬಂದು ಎರಡನೆಯ ಸಲ ಗಟ್ಟಿಯಾಗಿ ಹೇಳುವಷ್ಟರಲ್ಲಿ ಗ್ಲೋಬು ಕಾಲಿನಿಂದ ಕಳಚಿ ಉರುಳಿತು. ಅದನ್ನು ಎತ್ತಿಟ್ಟು ಕ್ಷಮೆ ಕೇಳಿ ಹೊರಗೆ ಬಂದ.

ತರಗತಿಯಲ್ಲಿ ಚಳಿ. ಗೋಡೆಯ ಹೀಟರಿನ ಕೊಳವೆಗೆ ಆ ಚಳಿಗಾಲದ ಬಿಸಿನೀರು ಇನ್ನೂ ಬಿಟ್ಟಿರಲಿಲ್ಲ. ಮಕ್ಕಳು ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಉಂಡೆಉಂಡೆಯಾಗಿ ಕೂತಿದ್ದರು. ಅವರನ್ನು ನೋಡಿದ್ದೇ ಅವನ ಎದೆ ಹಗುರವಾಯಿತು. ಅಕ್ಷರ ಬಾರದೆ ಬಂದವರು, ಪೆನ್ಸಿಲ್ ಹಿಡಿಯಲಾಗದೆ ಅತ್ತವರು. ಇವರನ್ನು ತನಗೆ ಕೊಟ್ಟ ದೇವರಿಗೆ ಅವನು ದಿನವೂ ಉಪಕಾರ ಹೇಳುತ್ತಿದ್ದ. ಅದಕ್ಕೇನೂ ಅಪಶಕುನವಿಲ್ಲ ತಾನೆ?

“ಮಕ್ಕಳೇ, ಜಿರಾಫೆ ಮನೇಲೇ ಉಳ್ಕೊಂಡ್ತು” ಎಂದ, ಮುಖ ಸಣ್ಣದು ಮಾಡಿ. “ಮೇಡಂಗೆ ತೋರಿಸೋಕೆ ನಮ್ಮ ಹತ್ರ ಏನೂ ಇಲ್ಲ.”

ಮೊದಲ ಬೆಂಚಿನ ತೀಶಾ ಎನ್ನುವ ಹುಡುಗನಿಗೆ ಮೇಷ್ಟ್ರ ಸಪ್ಪೆ ಮುಖ ನೋಡಲಾಗಲಿಲ್ಲ. ನೀರು ಕುಡಿದು ಬರುತ್ತೇನೆಂದು ಹೋದವನು, ಜೇಬು ಒತ್ತಿ ಹಿಡಿದುಕೊಂಡು ಬಂದು ಕೂತ. ಶಾಲೆಯಲ್ಲಿ ಮಕ್ಕಳು ಸಾಕುವ ಪ್ರಾಣಿಗಳ ಮೂಲೆಯಲ್ಲಿ ಒಂದು ಪಂಜರ ಖಾಲಿಯಾಗಿದ್ದು ಆಗ ಯಾರಿಗೂ ತಿಳಿಯಲಿಲ್ಲ.

ಅವ್ಗುಸ್ತಾ ಮಿರೊನೊವ್ನಾ ಬಂದರು. ಎತ್ತರದ ಹೆಂಗಸು, ಕೊರಳಿಗೆ ಪಚ್ಚೆಯ ಪದಕ, ಕೈಯಲ್ಲಿ ಕೋಳಿ ಹಿಡಿಸುವಷ್ಟು ದೊಡ್ಡ ಚೀಲ. ಜಿಲ್ಲೆಯ ಅರ್ಧ ಮೇಷ್ಟ್ರುಗಳನ್ನು ಅಳಿಸಿದ ಖ್ಯಾತಿ ಅವರದು. ಹಿಂದೆಯೇ ನೊನ್ನಾ ವಿಕೆಂತ್ಯೆವ್ನಾ.

“ಸರಿ, ತುಪ್ಪಟವೂ ಬೇಡ, ಗರಿಯೂ ಬೇಡ” ಎಂದರು ದೊಡ್ಡ ಮೇಡಂ, ಕೂರುತ್ತ.

“ದೆವ್ವದ ಮನೆ ಸೇರಿ!” ಎಂದಿತು ಇಡೀ ಕ್ಲಾಸು, ಒಂದೇ ದನಿಯಲ್ಲಿ, ಬೆಳಗಿನ ತಿಂಡಿಯ ಶಕ್ತಿಯನ್ನೆಲ್ಲ ಹಾಕಿ.

“ತುಂಬಾ ಉಪಕಾರ ಆಯ್ತು” ಎಂದ ಅವರ ಮೇಷ್ಟ್ರು.

ನೊನ್ನಾ ವಿಕೆಂತ್ಯೆವ್ನಾ ಕಣ್ಣು ಮುಚ್ಚಿಕೊಂಡಳು.

ಪಾಠ ಶುರುವಾಯಿತು. ಉಲ್ಯಾನಾ ಎನ್ನುವ ಚೂಟಿ ಹುಡುಗಿ ನಿಯಮ ಒಪ್ಪಿಸಿದಳು. ಬೋರ್ಡಿನ ಮೇಲೆ ಬರೆಯಲು ಇದ್ದ ಮುಂದಿನ ಪದ ‘ಇಲಿಗಳು’, ಅವರ ಭಾಷೆಯಲ್ಲಿ ‘ಮಿಶಿ’. ಜಿ-ಶಿ ಪಾಠದಲ್ಲಿ ಆ ಪದ ಬರದೆ ಇರುವುದಿಲ್ಲ.

“ಈಗ ಇಲಿಗಳು” ಎಂದ ಪ್ಲಾತೊನ್.

ತನ್ನ ಸಮಯ ಬಂತೆಂದು ತೀಶಾ ಎದ್ದು ನಿಂತು ಜೇಬು ತೆರೆದ. ಬಿಳಿಯ ಇಲಿ ಬೆಂಚಿನ ಮೇಲೆ ಕುಳಿತು ಮೀಸೆ ತಿರುವಿ, ಸಭೆಯನ್ನೊಮ್ಮೆ ನೋಡಿ, ನೆಲಕ್ಕೆ ಹಾರಿ, ನೇರವಾಗಿ ಕೋಳಿ ಹಿಡಿಸುವ ಚೀಲದೊಳಗೆ ನುಗ್ಗಿತು. ಜಿಲ್ಲೆಯ ಅರ್ಧ ಮೇಷ್ಟ್ರುಗಳನ್ನು ಅಳಿಸಿದ ಅವ್ಗುಸ್ತಾ ಮಿರೊನೊವ್ನಾ ಕುರ್ಚಿಯ ಮೇಲಿದ್ದರು, ನಿಂತುಕೊಂಡು. ನೊನ್ನಾ ಅದಕ್ಕೂ ಮೊದಲೇ ಕಿಟಕಿಯ ಕಟ್ಟೆ ಏರಿಯಾಗಿತ್ತು.

ಮುಗಿಯಿತು ಎಂದುಕೊಂಡ ಪ್ಲಾತೊನ್. ಎಲ್ಲ ಆ ಒಂದು ‘ಉಪಕಾರ ಆಯ್ತು’ ತಂದದ್ದು.

ಆದರೆ ಮಕ್ಕಳು ಕಿರುಚಲಿಲ್ಲ. ತೀಶಾ ಚೀಲದ ಮುಂದೆ ಮಂಡಿಯೂರಿ ರೊಟ್ಟಿಚೂರು ಹಿಡಿದ. ಉಲ್ಯಾನಾ ಸೀಮೆಸುಣ್ಣ ತೆಗೆದುಕೊಂಡು, ಕುರ್ಚಿಯ ಮೇಲಿದ್ದ ಹಿರಿಯರನ್ನು ಸಮಾಧಾನ ಮಾಡುವ ದನಿಯಲ್ಲಿ, “ಹೆದರ್ಬೇಡಿ ಮೇಡಂ, ಕಚ್ಚಲ್ಲ. ನೋಡಿ, ಹೀಗೆ ಬರೀಬೇಕು. ಕೊನೇಲಿ ಮೆತ್ತಗಿನ ‘ಇ’” ಎನ್ನುತ್ತ ದುಂಡಗೆ ಬರೆದಳು. ಉಳಿದ ಮಕ್ಕಳೂ ಇಲಿ ಇರುವಾಗಲೇ ಇಲಿ ಬರೆದು ಮುಗಿಸುವ ಅವಸರದಲ್ಲಿ ತಲೆ ತಗ್ಗಿಸಿ ಬರೆದರು. ಒಬ್ಬರದೂ ತಪ್ಪಿರಲಿಲ್ಲ.

ಇಲಿ ಜೇಬಿಗೆ ಮರಳಿದ ಮೇಲೆ ದೊಡ್ಡ ಮೇಡಂ ಕೆಳಗಿಳಿದರು.

“ಇಷ್ಟು ವರ್ಷದಲ್ಲಿ ಎಷ್ಟು ರಟ್ಟಿನ ಜಿರಾಫೆ ನೋಡಿದ್ದೀನಿ ಗೊತ್ತಾ?” ಎಂದರು ನಿಧಾನವಾಗಿ. “ಜಿರಾಫೆ ನೋಡಿ ನೋಡಿ ನನ್ನ ಕಣ್ಣು ಸತ್ತುಹೋಗಿದೆ. ಜೀವಂತ ಇಲಿ, ಅದೂ ಸರಿಯಾಗಿ ಆ ಪದಕ್ಕೇ ಬರೋ ಹಾಗೆ! ನಿಮ್ಮಂಥ ಮೇಷ್ಟ್ರು ಇಲ್ಲಿ ಕೊಳೀಬಾರ್ದು. ಸೋಮವಾರದಿಂದ ಜಿಲ್ಲಾ ಕಚೇರಿಗೆ ಬನ್ನಿ. ಪಾಠ ಮಾಡೋದು ಹೇಗೆ ಅಂತ ಉಳಿದ ಟೀಚರ್‌ಗಳಿಗೆ ನೀವು ಕಲಿಸ್ಬೇಕು.”

“ಈ ಮಕ್ಕಳು?” ಎಂದ ಪ್ಲಾತೊನ್.

“ಅದರ ಯೋಚನೆ ಬೇಡ” ಎಂದಳು ನೊನ್ನಾ, ಕಟ್ಟೆಯಿಂದಲೇ. “ನನ್ನ ಸೋದರಸೊಸೆ ಇದ್ದಾಳೆ.”

ಬೆಳಗಿನಿಂದ ಊರೆಲ್ಲ ಸೇರಿ ಅವನಿಗೆ ಕಲಿಸಿದ ಮಾತಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಬರುವಂತಿರಲಿಲ್ಲ. ಅದು ನಾಲಗೆಯ ತುದಿಯವರೆಗೂ ಬಂತು. ದೊಡ್ಡ ಮೇಡಂ ಅಷ್ಟು ಪ್ರೀತಿಯಿಂದ ಅವನ ಕೈ ಹಿಡಿದುಕೊಂಡಿದ್ದರು.

“ತುಂಬಾ ಉಪಕಾರ ಆಯ್ತು” ಎಂದ.

ಸಂಜೆ ಮೆಟ್ಟಿಲು ಹತ್ತುವಾಗ ಅವನ ಕೋಟಿನ ಜೇಬಿನಲ್ಲಿ ತೀಶಾ ಕೊಟ್ಟ ರೊಟ್ಟಿಚೂರು ಇತ್ತು, ದಾರಿಯಲ್ಲಿ ಇಲಿ ಸಿಕ್ಕರೆ ಇರಲಿ ಎಂದು ಕೊಟ್ಟದ್ದು. ಎರಡನೇ ಮಹಡಿಯಲ್ಲಿ ನಿಂತು ಕಣ್ಣೊರೆಸಿಕೊಂಡ. ಅಲ್ಲಿಯೇ ಅವನಿಗೆ ಒಂದು ಉಪಾಯ ಹೊಳೆಯಿತು. ಉಪಕಾರ ಆಯ್ತು ಅಂದರೆ ಕೆಲಸ ಕೆಡುತ್ತದೆ. ಬೆಳಿಗ್ಗೆ ಅಂದ, ಮಕ್ಕಳು ಹೋದರು, ಶಕುನ ಸುಳ್ಳಾಗಲಿಲ್ಲ. ಹಾಗಾದರೆ ಹೊಸ ಕೆಲಸವೂ ಕೆಡಬೇಕಾದರೆ ಮಾಡಬೇಕಾದ್ದು ಅಷ್ಟೇ. ಅಲ್ಲಿ ಕೆಟ್ಟರೆ ಇಲ್ಲಿಗೇ ವಾಪಸ್ಸು ತಾನೆ? ಮೂರನೇ ಮಹಡಿಯನ್ನು ಅವನು ಓಡಿ ಹತ್ತಿದ.

ಗ್ಲಾಫಿರಾ ಸಾವಿಶ್ನಾ ಬಾಗಿಲಲ್ಲೇ ಕಾದಿದ್ದಳು. “ದುಸ್ಯಾ ಎಲ್ಲ ಹೇಳಿದ್ಳು. ಜಿಲ್ಲಾ ಕಚೇರಿ! ಬಾ, ಒಳಗೆ ಬಾ, ಹೊಸ ಕೆಲಸಕ್ಕೆ ಹರಸ್ತೀನಿ. ತುಪ್ಪಟಾನೂ ಬೇಡ, ಗರೀನೂ ಬೇಡ.”

“ಉಪಕಾರ ಆಯ್ತು” ಎಂದ ಪ್ಲಾತೊನ್, ಜೀವಮಾನದಲ್ಲಿ ಮೊದಲ ಬಾರಿಗೆ ಕುತಂತ್ರದಿಂದ. “ತುಂಬಾ ಉಪಕಾರ ಆಯ್ತು. ನಿಮ್ಮ ಉಪಕಾರ ಮರೆಯಲ್ಲ.”

ಆಕೆ ಬಯ್ಯಲಿಲ್ಲ. ಅವನ ಕೆನ್ನೆ ತಟ್ಟಿದಳು.

“ಗೊತ್ತು ಕಣೋ, ನಿನ್ನ ಬಾಯಲ್ಲಿ ಆ ಮಾತು ಈ ಜನ್ಮದಲ್ಲಿ ಬರಲ್ಲ. ಬೆಳಿಗ್ಗೆ ಬಸ್ಸು ಹೊರಟ ಮೇಲೆ ನಿನ್ನ ಪರವಾಗಿ ನಾನೇ ಹೇಳಿದ್ದೆ, ಈ ಕಿಟಕಿಯಿಂದ. ಇಲ್ದಿದ್ರೆ ಇಷ್ಟು ಚೆನ್ನಾಗಿ ಆಗ್ತಿತ್ತಾ? ತಡಿ, ಇದಕ್ಕೂ ಹೇಳ್ಬಿಡ್ತೀನಿ.”

ಪ್ಲಾತೊನ್ ತಡೆಯಲು ಕೈ ಚಾಚುವಷ್ಟರಲ್ಲಿ ಆಕೆ ಕಿಟಕಿ ತೆರೆದು, ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು, ಅಂಗಳದ ಕಾಗೆಗಳೆಲ್ಲ ಎದ್ದು ಹಾರುವಂತೆ ಮೂರು ಸಲ ಕೂಗಿದಳು. ಆಮೇಲೆ ಕಿಟಕಿ ಮುಚ್ಚಿ, ಕೈ ಒರೆಸಿಕೊಂಡು, ಅವನ ಮುಂದೆ ಬಿಸಿ ಕಡುಬಿನ ತಟ್ಟೆ ಇಟ್ಟಳು.

“ಇನ್ನು ನೋಡು, ಅಲ್ಲಿಂದ ನಿನ್ನನ್ನ ಯಾರೂ ಕದಲಿಸೋಕಾಗಲ್ಲ.”

ಪ್ಲಾತೊನ್ ಇಗ್ನಾತಿಚ್ ತಟ್ಟೆಯನ್ನು ನೋಡಿದ, ಆಕೆಯ ಹಿಟ್ಟು ಮೆತ್ತಿದ ಕೈಗಳನ್ನು ನೋಡಿದ.

“ತುಂಬಾ ಉಪಕಾರ ಆಯ್ತು, ಗ್ಲಾಫಿರಾ ಸಾವಿಶ್ನಾ” ಎಂದ.