ಭರಣಿಗೆ ಬಳಿದ ಬಿಳಿ

ನಮ್ಮ ಕಡೆ ಹೆಂಡತಿಯಾದವಳು ಮನೆಯಲ್ಲಿರುವ ಅತಿ ದೊಡ್ಡ ಪಾತ್ರೆಯನ್ನು ಕೆಳಗಿಳಿಸಿ ಎಲುಬಿನ ಸಾರು ಕುದಿಯಲು ಇಟ್ಟಳೆಂದರೆ ಗಂಡನಾದವನ ಎದೆ ಧಸಕ್ಕೆನ್ನುತ್ತದೆ. ಒಂದು ಹೊತ್ತಿನ ಊಟಕ್ಕೆ ಯಾರೂ ಅಷ್ಟು ಸಾರು ಕುದಿಸುವುದಿಲ್ಲ. ಗಂಡನನ್ನು ಬಿಟ್ಟು ಎಲ್ಲಿಗೋ ಹೊರಟವಳು ಕುದಿಸುವ ಸಾರು ಅದು. ಪಾತ್ರೆಯ ಗಾತ್ರ ನೋಡಿಯೇ ಎಷ್ಟು ದಿನದ ವಿರಹ ಎಂದು ಲೆಕ್ಕ ಹಾಕಿಬಿಡಬಹುದು.

ನನ್ನ ಹೆಂಡತಿ ಸುನ್‌ಇಮ್ ಕುದಿಸಿದ ಸಾರು ಇಪ್ಪತ್ತೊಂದು ಡಬ್ಬಿಗಳಾಗಿ ಫ್ರೀಜರಿಗೆ ಹೋಯಿತು. ಬುಸಾನಿನಲ್ಲಿರುವ ನಮ್ಮ ಮಗಳು ಬೊರಾಮ್ ಹೆತ್ತಿದ್ದಳು. ಬಾಣಂತಿಗೆ ಮೂರು ಏಳು, ಅಂದರೆ ಇಪ್ಪತ್ತೊಂದು ದಿನ ತವರಿನ ಕೈಯ ಕಡಲಪಾಚಿ ಸಾರು ಬೇಕು. ಇದು ಎಲ್ಲರೂ ಒಪ್ಪುವ ಮಾತು. ನಾನೂ ಒಪ್ಪಿದೆ. ಇಪ್ಪತ್ತೊಂದನೆಯ ಡಬ್ಬಿಯನ್ನು ಕರಗಿಸಿ ಕುಡಿದು, ಗಡ್ಡ ಹೆರೆದು, ಅವಳನ್ನು ಕರೆತರಲು ನಮ್ಮೂರು ದೇಜಾನಿನ ರೈಲು ನಿಲ್ದಾಣಕ್ಕೆ ಹೊರಡಬೇಕು ಎನ್ನುವಷ್ಟರಲ್ಲಿ ಫೋನ್ ಬಂತು.

"ಬೊರಾಮ್ ಅಪ್ಪ, ಮಗೂಗೆ ಹೊಟ್ಟೆ ಸರಿಯಿಲ್ಲ. ಇನ್ನೊಂದು ವಾರ ಇದ್ದು ಬರ್ತೀನಿ."

ಆ ವಾರ ಕಳೆದ ಮೇಲೆ ಮಗಳಿಗೆ ಸೊಂಟನೋವು. ಆಮೇಲೆ ಅಳಿಯನಿಗೆ ಕೆಲಸದ ಒತ್ತಡ. ಆಮೇಲೆ, "ಹೆಂಗೂ ಇಷ್ಟು ದಿನ ಆಯ್ತಲ್ಲ, ಮಗೂನ ನೂರನೇ ದಿನದ ಅಕ್ಕಿಕಡುಬು ಮುಗಿಸ್ಕೊಂಡೇ ಬಂದ್ರಾಯ್ತು." ಅಂದು ಅರವತ್ತಮೂರನೆಯ ದಿನ. ನಾನು ದಿನ ಎಣಿಸುತ್ತಿರಲಿಲ್ಲ. (ಗೋಡೆಯ ಕ್ಯಾಲೆಂಡರಿನಲ್ಲಿದ್ದ ಗೀಟುಗಳು ಬೇರೆ ಯಾವುದೋ ಕಾರಣಕ್ಕೆ ಎಳೆದವು.)

ನಾನು ಮೂವತ್ತೊಂದು ವರ್ಷ ಕುಡಿಯುವ ನೀರಿನ ಇಲಾಖೆಯಲ್ಲಿದ್ದು ಉಪ ವಿಭಾಗಾಧಿಕಾರಿಯಾಗಿ ನಿವೃತ್ತನಾದವನು. ಅರ್ಧ ನಗರದ ನಲ್ಲಿಗಳು ನನ್ನ ಸಹಿಗೆ ಕಾದು ನಿಂತಿದ್ದ ಕಾಲವೊಂದಿತ್ತು. ಅಂಥವನು ಹೆಂಡತಿಯಿಲ್ಲ ಎಂದು ಹಲುಬುವುದುಂಟೇ? ಹಲುಬಲಿಲ್ಲ. ಆದರೆ ಮನೆ ಎಷ್ಟು ಸದ್ದಿಲ್ಲದೆ ಹೋಯಿತೆಂದರೆ, ಫ್ರಿಜ್ಜು ಗುಂಯ್ ಎಂದಾಗ ನಾನು "ಏನಂದೆ?" ಎಂದು ಕೇಳಿಬಿಟ್ಟೆ. ಅವಳ ಮನೆಚಪ್ಪಲಿ ಅಡುಗೆಮನೆಯ ಬಾಗಿಲಲ್ಲಿ ಮೂತಿ ಒಳಕ್ಕೆ ಮಾಡಿಕೊಂಡು ಕೂತಿತ್ತು. ಕಸ ಗುಡಿಸುವಾಗಲೂ ಅದನ್ನು ಸರಿಸದೆ ಸುತ್ತ ಗುಡಿಸಿದೆ.

ಅಳಿಯನ ಮನೆ ಹೊಸದು, ಅಡುಗೆಮನೆ ಅಪ್ಪಟ ಬಿಳಿ. "ಇಲ್ಲಿ ಸಿಂಕ್ ಮುಂದೆ ನಿಂತ್ರೆ ಸಮುದ್ರ ಕಾಣತ್ತೆ ಕಣ್ರೀ" ಎಂದು ಅವಳು ಒಂದು ದಿನ ಹೇಳಿದಾಗಲೇ ನನಗೆ ಅನುಮಾನ ಬಂದಿತ್ತು. ನಮ್ಮ ಸಿಂಕಿನ ಮುಂದೆ ನಿಂತರೆ ಎದುರು ಕಟ್ಟಡದ ನೀರಿನ ಕೊಳವೆ ಕಾಣುತ್ತದೆ. ನಮ್ಮ ಇಲಾಖೆಯವರೇ ಚೊಕ್ಕವಾಗಿ ಕೂರಿಸಿದ ಕೊಳವೆ. ಆದರೂ ಸಮುದ್ರಕ್ಕೆ ಸಮವಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಒಲೆಯ ಹಿಂದಿನ ಗೋಡೆ ಎಣ್ಣೆ ಕುಡಿದು ಹಳದಿಯಾಗಿತ್ತು. ಕಪಾಟಿನ ಬಾಗಿಲುಗಳ ಹೊದಿಕೆ ಬಾಳೆಸಿಪ್ಪೆಯಂತೆ ಸುಲಿದು ಜೋತಿತ್ತು. "ಈ ಅಡುಗೆಮನೆ ನೋಡಿದ್ರೆ ಅಕ್ಕಿಗೂ ಬೇಯೋ ಮನಸ್ಸು ಬರಲ್ಲ" ಎಂದು ಸುನ್‌ಇಮ್ ಇಪ್ಪತ್ತು ವರ್ಷದಿಂದ ಅರ್ಜಿ ಹಾಕುತ್ತಲೇ ಬಂದಿದ್ದಳು. ನಾನು ಇಲಾಖೆಯ ಪದ್ಧತಿಯಂತೆ "ಮುಂದಿನ ವರ್ಷ ನೋಡೋಣ" ಎಂದು ಬರೆದು ಕೆಳಗಿಡುತ್ತಿದ್ದೆ.

ಆ ಅರವತ್ತಮೂರನೆಯ ದಿನ ಅರ್ಜಿ ಮಂಜೂರಾಯಿತು. ಅಡುಗೆಮನೆಯನ್ನು ಅರಮನೆ ಮಾಡುತ್ತೇನೆ, ಫೋಟೋ ಕಳಿಸುತ್ತೇನೆ, ಅವಳು ನೋಡಿ ಕರಗಿ ಮುಂದಿನ ರೈಲು ಹತ್ತುತ್ತಾಳೆ. ಇದಕ್ಕೆ ಬಡಗಿಯೂ ಬೇಡ, ಗಾರೆಯವನೂ ಬೇಡ. ಸಾವಿರ ವೋನಿಗೆ ಒಂದು ಸಾಮಾನು ಮಾರುವ ಅಂಗಡಿ ನಮ್ಮ ಬೀದಿ ತುದಿಯಲ್ಲೇ ಇದೆ. ಹೇಗೆ ಮಾಡಬೇಕೆಂದು ಕಲಿಸಲು ಯೂಟ್ಯೂಬಿನಲ್ಲಿ ಒಬ್ಬಳು ಹುಡುಗಿಯಿದ್ದಾಳೆ. ಅವಳು ಇಡೀ ಮನೆಯನ್ನು ಹನ್ನೊಂದು ನಿಮಿಷದಲ್ಲಿ ಬದಲಾಯಿಸುತ್ತಾಳೆ, ಉಗುರಿನ ಬಣ್ಣವೂ ಕೆಡುವುದಿಲ್ಲ.

ಮೊದಲ ಹಂತ, ಗೋಡೆ. ಟೈಲ್ಸಿನ ಚಿತ್ರವಿರುವ ಅಂಟುಹಾಳೆ ತಂದು ಒಲೆಯ ಹಿಂದೆ ಅಂಟಿಸಿದೆ. ಮೊದಲನೆಯ ಹಾಳೆ ಗೋಡೆಗಿಂತ ಮೊದಲು ನನ್ನ ಮೊಣಕೈಗೆ ಅಂಟಿತು. ಎರಡನೆಯದನ್ನು ನೇರವಾಗಿ ಅಂಟಿಸಿದೆ. ಗೋಡೆಯೇ ಸೊಟ್ಟಗಿದೆ ಎಂದು ಆಗ ತಿಳಿಯಿತು.

ಎರಡನೆಯ ಹಂತ, ಕಪಾಟು. ಮರದ ಗೆರೆಗಳಿರುವ ಹಾಳೆಯ ಕೆಳಗೆ ಗಾಳಿಗುಳ್ಳೆಗಳು ಎದ್ದವು. ಸಾಬೂನು ನೀರು ಚಿಮುಕಿಸಿ ಗಟ್ಟಿ ಕಾರ್ಡಿನಿಂದ ತೀಡಬೇಕು ಎಂದಳು ಹುಡುಗಿ. ಕೈಗೆ ಸಿಕ್ಕಿದ್ದು ನನ್ನ ಇಲಾಖೆಯ ಹಳೆಯ ಗುರುತಿನ ಕಾರ್ಡು. ಆರು ಬಾಗಿಲು ತೀಡುವಷ್ಟರಲ್ಲಿ ಅದರ ಮೇಲಿದ್ದ ನನ್ನ ಮೋರೆ ಅಳಿಸಿಹೋಯಿತು. ಹುದ್ದೆ ಮಾತ್ರ ಉಳಿಯಿತು.

ಮೂರನೆಯ ಹಂತ, ಬೆಳಕು. ಆಸ್ಪತ್ರೆಯ ಹಾಗೆ ಬೆಳ್ಳಗೆ ಉರಿಯುತ್ತಿದ್ದ ಟ್ಯೂಬು ತೆಗೆದು ಜೇನುಬಣ್ಣದ ಬಲ್ಬು ಹಾಕಿ, ಅದಕ್ಕೊಂದು ಹೆಣೆದ ಬುಟ್ಟಿ ಬೋರಲು ತೂಗುಬಿಟ್ಟೆ. ಕಾಳುಗಳು ಗಾಜಿನ ಸೀಸೆಗೆ ಹೋದವು. ಕಿಟಕಿಗೆ ನೀಲಿ ಪರದೆ ಬಂತು. (ಕೊಳವೆ ಮರೆಯಾಯಿತು. ಪರದೆ ಅಲುಗಿದರೆ, ಕಣ್ಣು ಅರ್ಧ ಮುಚ್ಚಿದರೆ, ಸಮುದ್ರವೆಂದೇ ಹೇಳಬಹುದು.)

ಕೆಳಮನೆಯ ಅಜ್ಜಿ ಮೂಲಂಗಿ ಕೊಡಲು ಬಂದವರು ಬಾಗಿಲಲ್ಲೇ ನಿಂತರು. "ಸಾಹೇಬ್ರೇ, ಇದೇನು ಕಾಫಿ ಅಂಗಡಿ ಇಡ್ತೀರಾ?"

"ಇಲ್ಲಜ್ಜಿ. ಬೊರಾಮ್ ಅಮ್ಮ ಬರ್ತಾಳಲ್ಲ, ಅದಕ್ಕೆ."

"ಬರ್ತೀನಿ ಅಂದ್ಲಾ?"

"ನೋಡಿದ್ಮೇಲೆ ಅಂತಾಳೆ."

ಅಜ್ಜಿ ಬಲ್ಬನ್ನೂ ನನ್ನನ್ನೂ ಒಂದು ಸುತ್ತು ನೋಡಿದರು. "ಊಟ ಮಾಡಿದೀರಾ?" ಎಂದು ಕೇಳಿ ಮೂಲಂಗಿಯ ಜೊತೆಗೆ ನಾಲ್ಕು ಮೊಟ್ಟೆ ಇಟ್ಟು ಹೋದರು. ನನ್ನ ಕಲಾಕೌಶಲವನ್ನು ಹೊಗಳುವುದು ಅವರಿಗೆ ಮರೆತುಹೋಯಿತು.

ಹದಿನೇಳು ಫೋಟೋ ಕಳಿಸಿದೆ. ಸಂಜೆ ಫೋನ್ ಬಂತು. ಆ ಕಡೆ ಸ್ಪೀಕರಿನಲ್ಲಿ ಇಡೀ ಸಂಸಾರ.

"ಅಪ್ಪ, ಇದು ನಮ್ಮನೇನಾ? ನಂಬೋಕಾಗ್ತಿಲ್ಲ" ಎಂದಳು ಬೊರಾಮ್.

"ಮಾವ, ನಮ್ಮನೇಗಿಂತ ಚೆನ್ನಾಗಿದೆ" ಎಂದ ಅಳಿಯ. ಹೃದಯ ತುಂಬಿತು. ಆಮೇಲೆ ಸುನ್‌ಇಮ್ ಮಾತಾಡಿದಳು. ಅವಳ ದನಿಯಲ್ಲಿ ನಾನು ಹಲವು ವರ್ಷದಿಂದ ಕೇಳದ ಮೆಚ್ಚುಗೆಯಿತ್ತು.

"ನಂಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ? ನೀವು ಅಲ್ಲಿ ಒಣಗ್ತಾ ಕೂತಿದೀರೇನೋ ಅಂತ ನಿತ್ಯ ಯೋಚ್ನೆ ಆಗ್ತಿತ್ತು. ಇಷ್ಟು ಹುಮ್ಮಸ್ಸಾಗಿದೀರಿ ಅಂದ್ಮೇಲೆ ಅವಸರ ಏನು? ಬೊರಾಮ್ ಕೆಲಸಕ್ಕೆ ಹೋಗೋವರ್ಗೂ ಇಲ್ಲೇ ಇದ್ದುಬಿಡ್ತೀನಿ. ಚಳಿಗಾಲ ಕಳೀಲಿ."

ಹೊರಗೆ ಆಗಿನ್ನೂ ಸೇವಂತಿಗೆ ಅರಳಿತ್ತು. ಚಳಿಗಾಲ ಇನ್ನೂ ಶುರುವೇ ಆಗಿರಲಿಲ್ಲ.

"ಹೂಂ, ಇರು ಇರು, ಇಲ್ಲಿ ನಂಗೇನು ಕಮ್ಮಿ" ಎಂದೆ, ಉಪ ವಿಭಾಗಾಧಿಕಾರಿಯ ದನಿಯಲ್ಲಿ. ಫೋನಿಟ್ಟು ಜೇನುಬಣ್ಣದ ಬೆಳಕಿನ ಕೆಳಗೆ ಒಂದು ಮೊಟ್ಟೆ ಬೇಯಿಸಿ ತಿಂದೆ. ಎಷ್ಟು ಚೆಂದದ ಬೆಳಕೆಂದರೆ, ಎದುರಿನ ಖಾಲಿ ಕುರ್ಚಿಯ ಮೇಲಿನ ಒಂದೊಂದು ಗೀರೂ ಕಾಣುತ್ತಿತ್ತು.

ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ನಾಲ್ಕನೆಯ ಹಂತಕ್ಕೆ ಕೈಹಾಕಿದೆ. ಇನ್ನೂ ಏನೋ ಕೊರತೆಯಿರಬೇಕು, ಅದಕ್ಕೇ ಅವಳು ಹೊರಡಲಿಲ್ಲ ಎಂದು ಫೋಟೋಗಳನ್ನು ಒಂದೊಂದಾಗಿ ಪರಿಶೀಲಿಸಿದೆ. ಸಿಕ್ಕಿತು. ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ, ಎಲ್ಲ ಫೋಟೋಗಳ ಅಂಚಿನಲ್ಲೂ, ಕಪ್ಪುಕಂದು ಬಣ್ಣದ ಮಣ್ಣಿನ ಭರಣಿಯೊಂದು ಎಮ್ಮೆಕರುವಿನ ಹಾಗೆ ಕೂತು ಒಳಗೆ ಇಣುಕುತ್ತಿತ್ತು.

ಅದು ದ್ವೆಂಜಾಂಗಿನ ಭರಣಿ. ಸೋಯಾಕಾಳು ಬೇಯಿಸಿ, ಕುಟ್ಟಿ, ಇಟ್ಟಿಗೆಯಂತೆ ಕಟ್ಟಿ, ಒಣಗಿಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿದ ಆ ಹಿಟ್ಟಿಲ್ಲದೆ ನಮ್ಮಲ್ಲಿ ಸಾರಿಲ್ಲ. ಭರಣಿ ನನ್ನ ತಾಯಿಯದು. ಸುನ್‌ಇಮ್ ಮದುವೆಯಾಗಿ ಬಂದ ಒಂಬತ್ತು ವರ್ಷ ನನ್ನ ತಾಯಿ ಅದರ ಮುಚ್ಚಳ ಮುಟ್ಟಲೂ ಬಿಟ್ಟಿರಲಿಲ್ಲ. ಹತ್ತನೆಯ ವರ್ಷ ಒಂದು ಬೆಳಿಗ್ಗೆ, ಏನೂ ಹೇಳದೆ, ಭರಣಿಯನ್ನು ಒರೆಸುವ ಬಟ್ಟೆಯನ್ನು ಅವಳ ಕೈಗಿತ್ತರು. ಸುನ್‌ಇಮ್ ಆ ದಿನ ಅತ್ತಿದ್ದಳು. ಪ್ರತಿವರ್ಷ ಹೊಸ ಹಿಟ್ಟಿಗೆ ಹಳೆಯದನ್ನು ಬೆರೆಸುತ್ತ ಬಂದದ್ದರಿಂದ ಅದರ ತಳದಲ್ಲಿ ಈಗಲೂ ನನ್ನ ತಾಯಿಯ ಕೈರುಚಿ ಇದೆ.

ಇಷ್ಟೆಲ್ಲ ಗೊತ್ತಿದ್ದೂ, ಅಂಥ ಪೂಜ್ಯ ವಸ್ತು ಹೀಗೆ ಎಮ್ಮೆಕರುವಿನ ಹಾಗಿರಬಾರದು ಎಂದುಕೊಂಡು, ನಾನು ಎರಡು ಡಬ್ಬಿ ಬಿಳಿ ಬಣ್ಣ ತಂದೆ. ಬುಡದಿಂದ ಮುಚ್ಚಳದವರೆಗೆ ಎರಡು ಸಲ ಬಳಿದೆ. ಒಣಗಿದ ಮೇಲೆ ಹೊಟ್ಟೆಗೆ ಹಸಿರು ಬಳ್ಳಿಯೊಂದನ್ನೂ ಬರೆದೆ. ಹದಿನೆಂಟನೆಯ ಫೋಟೋ ಕಳಿಸಿದೆ.

ಎರಡು ನಿಮಿಷವೂ ಆಗಿರಲಿಲ್ಲ.

"ಬೊರಾಮ್ ಅಪ್ಪ." ದನಿ ಮೆತ್ತಗಿತ್ತು. ಮೂವತ್ತೆರಡು ವರ್ಷದ ಅನುಭವದಿಂದ ಹೇಳುತ್ತೇನೆ, ಮೆತ್ತಗಿನ ದನಿ ಒಳ್ಳೆಯದಲ್ಲ. "ಆ ಬಿಳೀದು ಏನು?"

"ಗುರ್ತು ಸಿಗ್ಲಿಲ್ಲ ಅಲ್ವಾ?" ಎಂದು ನಕ್ಕೆ. "ನಮ್ಮ ಭರಣಿ."

"ಹೊಸ ಭರಣಿನಾ?"

"ಅಲ್ಲ, ಅದೇ ಹಳೇದು. ಬಣ್ಣ ಬಳ್ದೆ. ಎರಡು ಸಲ."

ಆ ಕಡೆ ಮಗು ಅಳುವುದು ಕೇಳಿಸಿತು. ಆಮೇಲೆ ಅದೂ ನಿಂತಿತು.

"ಮುಚ್ಚಳ ತೆಗೀರಿ. ಕಿಟ್ಕಿ ತೆಗೀರಿ. ಇನ್ನೇನೂ ಮುಟ್ಬೇಡಿ. ಬರ್ತಾ ಇದೀನಿ."

ಬರ್ತಾ ಇದೀನಿ. ಹಿಂದುಮುಂದಿನ ಮಾತುಗಳೆಲ್ಲ ನನಗೆ ಗಾಳಿಯಲ್ಲಿ ಹೋದವು. ನಾಲ್ಕನೆಯ ಹಂತ ಫಲ ಕೊಟ್ಟಿತ್ತು. ಗಡ್ಡ ಹೆರೆದೆ. ಅವಳ ಮನೆಚಪ್ಪಲಿಯನ್ನು ತಂದು ಹೊಸ್ತಿಲ ಬಳಿ ಮೂತಿ ಒಳಕ್ಕಿರುವಂತೆಯೇ ಇಟ್ಟೆ. ನಡುಮಧ್ಯಾಹ್ನದಲ್ಲಿ ಬಲ್ಬು ಹಚ್ಚಿ ಕಾದೆ.

ಬಂದಳು. ನಮ್ಮಲ್ಲಿ ಬೆಂಕಿ ಬಿದ್ದರೂ ಬೂಟು ಕಳಚದೆ ಮನೆಯೊಳಗೆ ಕಾಲಿಡುವವರಿಲ್ಲ. ಅವಳು ಒಂದನ್ನು ಕಳಚಿದಳು. ಇನ್ನೊಂದು ಕಾಲಲ್ಲೇ ಇತ್ತು. ಮನೆಚಪ್ಪಲಿಯನ್ನು ದಾಟಿದಳು. ಟೈಲ್ಸಿನ ಗೋಡೆಯನ್ನೂ ಕಪಾಟನ್ನೂ ನೀಲಿ ಸಮುದ್ರವನ್ನೂ ದಾಟಿ ಸೀದಾ ಬಾಲ್ಕನಿಗೆ ನುಗ್ಗಿ, ಭರಣಿಯನ್ನು ಎರಡು ಕೈಯಿಂದ ತಬ್ಬಿ, ಅದರೊಳಗೆ ಮುಖ ಇಳಿಸಿ ಉಸಿರೆಳೆದಳು. ಬೆರಳು ಅದ್ದಿ ನಾಲಿಗೆಗಿಟ್ಟಳು. ನಾನು ಅವಳ ಬೆನ್ನ ಹಿಂದೆ ನಿಂತು, ಅರವತ್ತೊಂಬತ್ತು ದಿನಗಳ ನಂತರ, ಅವಳ ಕತ್ತಿನ ಮೇಲಿನ ಮಚ್ಚೆಯನ್ನು ನೋಡುತ್ತಿದ್ದೆ.

"ಜೀವ ಇದೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಮಣ್ಣಿನ ಭರಣಿ ಉಸಿರಾಡತ್ತೆ ಅಂತ ಗೊತ್ತಿಲ್ವಾ ನಿಮ್ಗೆ? ಸಾಬೂನು ಕೂಡ ಸೋಕಿಸ್ಬಾರ್ದು ಅಂತ ಅತ್ತೆ ದಿನಾ ಹೇಳ್ತಿದ್ರಲ್ಲ, ಆಗ ಎಲ್ಲಿದ್ರಿ?"

"ಆಫೀಸಲ್ಲಿ."

"ನಿಮ್ಮ ಮೂಗಿಗೆ ಎರಡು ಸಲ ಬಣ್ಣ ಬಳಿದು ಮೇಲೊಂದು ಬಳ್ಳಿ ಬರೀತೀನಿ, ಹೆಂಗಿರತ್ತೆ ನೋಡ್ತೀರಾ?"

"ಚೆನ್ನಾಗಿ ಕಾಣ್ಲಿ ಅಂತ…"

"ಯಾರಿಗೆ?"

ಇದಕ್ಕೆ ಉತ್ತರ ನನ್ನ ಬಳಿ ಇತ್ತು. ಆದರೆ ಉಪ ವಿಭಾಗಾಧಿಕಾರಿಗಳು ಅಂಥದ್ದನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ನಾನು ಭರಣಿಯ ಮೇಲಿನ ಬಳ್ಳಿಯನ್ನು ನೋಡುತ್ತ ನಿಂತೆ. ಎಲೆಗಳು ಸ್ವಲ್ಪ ದಪ್ಪವಾಗಿದ್ದವು.

ಅವಳು ಬೆರಳು ಒರೆಸಿಕೊಂಡಳು. ಆಮೇಲೆ ತೀರ್ಪು ಹೇಳಿದಳು. "ಇದನ್ನ ನಿಮ್ಮ ಹತ್ರ ಬಿಟ್ಟು ಹೋಗೋಕಾಗಲ್ಲ. ಬುಸಾನಿಗೆ ತಗೊಂಡು ಹೋಗ್ತೀನಿ."

"ಅಷ್ಟು ಭಾರ ನೀನು ಹೆಂಗೆ ಹೊರ್ತೀಯ?"

"ನಾನ್ಯಾಕೆ ಹೊರ್ಲಿ?"

ಬೊರಾಮ್ ಕೂಸಾಗಿದ್ದಾಗ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಹತ್ತಿಹೊದಿಕೆ ಪೆಟ್ಟಿಗೆಯಿಂದ ಹೊರಬಂತು. ಭರಣಿಯನ್ನು ಅದರಲ್ಲಿ ಸುತ್ತಿ ನನ್ನ ಬೆನ್ನಿಗೆ ಬಿಗಿದಳು. ಹೊರಡುವಾಗ ಅಡುಗೆಮನೆಯ ನಡುವೆ ಮೊದಲ ಬಾರಿಗೆ ನಿಂತು ತಲೆಯೆತ್ತಿದಳು. ನಾನು ಉಸಿರು ಹಿಡಿದೆ.

"ಆ ಬಲ್ಬು ಪರ್ವಾಗಿಲ್ಲ" ಎಂದಳು. "ಬಿಚ್ಕೊಳ್ಳಿ. ಮಗು ಮಲಗೋ ಕೋಣೆಗೆ ಬೇಕಿತ್ತು."

ರೈಲಿನಲ್ಲಿ ಭರಣಿ ನನ್ನ ತೊಡೆಯ ಮೇಲೆ ಕೂತಿತು. ಅದರ ವಾಸನೆಗೆ ಎದುರಿನ ಸೀಟಿನವರು ಎದ್ದು ಬೇರೆ ಕಡೆ ಹೋದರು. ನಡುವಿನ ದೇಗು ನಿಲ್ದಾಣ ದಾಟುವಷ್ಟರಲ್ಲಿ ಸುನ್‌ಇಮ್ ನಿದ್ದೆ ಹೋಗಿ ತಲೆ ವಾಲಿಸಿದಳು. ನನ್ನ ಭುಜದ ಮೇಲಲ್ಲ, ಭರಣಿಯ ಮುಚ್ಚಳದ ಮೇಲೆ. ಭರಣಿ ನನ್ನ ಮೇಲಿತ್ತಾದ್ದರಿಂದ ನಾನು ತಕರಾರು ಎತ್ತಲಿಲ್ಲ.

ಈಗ ನಾನು ಅಳಿಯನ ಮನೆಯ ಬಾಲ್ಕನಿಯಲ್ಲಿದ್ದೇನೆ. ದೇಜಾನಿನಲ್ಲಿ ನಮ್ಮ ಬಡಾವಣೆಗೇ ಚೆಂದದ ಅಡುಗೆಮನೆಯೊಂದು ದೀಪವಿಲ್ಲದೆ, ಬೀಗ ಹಾಕಿಕೊಂಡು ಕೂತಿದೆ. ನನಗೊಂದು ಬಿದಿರಿನ ಚಮಚ, ಒಂದು ಬಟ್ಟಲು ಬಿಸಿನೀರು ಕೊಟ್ಟಿದ್ದಾರೆ. ಸಾಬೂನಿಲ್ಲದೆ, ಗೀರು ಬೀಳದಂತೆ, ನಾನೇ ಬಳಿದದ್ದನ್ನು ನಾನೇ ಹೆರೆಯಬೇಕೆಂಬುದು ಆಜ್ಞೆ. ಕಟ್ಟಡದ ಅಜ್ಜಿಯರು ಒಬ್ಬೊಬ್ಬರಾಗಿ ಬಂದು ನೋಡಿ, "ಇವರೇನಾ ಅವರು?" ಎಂದು ಕೇಳಿ ಹೋಗುತ್ತಾರೆ.

"ಪೂರ್ತಿ ಚೊಕ್ಕ ಆದ್ಮೇಲೆ ನೀವು ಊರಿಗೆ ಹೋಗ್ಬಹುದು" ಎಂದಿದ್ದಾಳೆ ಸುನ್‌ಇಮ್. ಹಾಗಾಗಿ ದಿನಕ್ಕೆ ಹೆಬ್ಬೆರಳಗಲ ಮಾತ್ರ ಹೆರೆಯುತ್ತೇನೆ. ಇಲಾಖೆಯಲ್ಲಿ ಕಲಿತ ನಿಧಾನ ಯಾವುದೂ ವ್ಯರ್ಥವಾಗಿಲ್ಲ. ಆದರೂ ಭರಣಿ ಎಂದ ಮೇಲೆ ಅದಕ್ಕೊಂದು ಸುತ್ತಳತೆ ಇದ್ದೇ ಇರುತ್ತದೆ. ನಿನ್ನೆ ಬೆಳಿಗ್ಗೆ ಬುಡದ ಕೊನೆಯ ಚುಕ್ಕೆಯೂ ಹೋಯಿತು. ಚಮಚ ಕೆಳಗಿಟ್ಟು, ಎಮ್ಮೆಕರುವಿನಂತೆ ಕಪ್ಪಗೆ ಹೊಳೆಯುವ ಅದರ ಪಕ್ಕ ಕೂತು ಸಮುದ್ರ ನೋಡುತ್ತಿದ್ದೆ. ಸಮುದ್ರ ನಿಜಕ್ಕೂ ಚೆನ್ನಾಗಿದೆ. ಕೊಳವೆಯ ಪರವಾಗಿ ಇನ್ನು ವಾದಿಸುವುದಿಲ್ಲ.

ಸುನ್‌ಇಮ್ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು. ಭರಣಿಯ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ, ಹಿಂಬದಿಯಲ್ಲಿ ಒಂದು ಕಡೆ ಬೆರಳಿಟ್ಟಳು.

"ಇಲ್ಲಿ ಇನ್ನೂ ಒಂಚೂರು ಉಳಿದಿದೆ."

ಕನ್ನಡಕ ಹಾಕಿಕೊಂಡು ನೋಡಿದೆ. ಅಲ್ಲಿ ಏನೂ ಇರಲಿಲ್ಲ.

"ಹೌದು, ಉಳಿದಿದೆ" ಎಂದು ಚಮಚ ಕೈಗೆತ್ತಿಕೊಂಡೆ.

"ನಿಧಾನವಾಗಿ ಕೆರೀರಿ" ಎಂದು ಅವಳು ಒಳಗೆ ಹೋದಳು.